ಚಂದ ಮಾಡಿ ಬರೆಯುವ ಸಾಹೇಬರು

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ವಾರ್ಡ್ ಆಫೀಸಿನಲ್ಲಿ ಸಭೆಯ ನಡಾವಳಿ ಬರೆಯುತ್ತಿದ್ದ ಗುಮಾಸ್ತರು ನನ್ನಂತೆ ಕನ್ನಡದವರೇ, ಬಲು ಮರ್ಯಾದಸ್ಥರು. ಪೆನ್ನು ಹಿಡಿಯುವ ಮೊದಲು ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುವರು. ಯಾರು ಏನೇ ಕೂಗಾಡಲಿ, ಅವರದು ಒಂದೇ ಮಾತು: “ನೀವು ಹೇಳ್ರಿ, ನಾ ಚಂದ ಮಾಡಿ ಬರೀತೀನಿ.”

ನಮ್ಮ ಬೀದಿಯಲ್ಲಿ ಎತ್ತರಕ್ಕೆ ಕಟ್ಟಲಿದ್ದ ಹೊಸ ಮೋರಿಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದರು. ನಾನು ಎದ್ದು ನಿಂತು ಕೂಗಿದೆ: “ಮೋರಿ ಅಷ್ಟು ಎತ್ತರ ಕಟ್ಟಿದ್ರ ಹೊಲಸ ನೀರೆಲ್ಲಾ ನನ್ನ ವೆಲ್ಡಿಂಗ್ ಅಂಗಡಿಯೊಳಗ ನುಗ್ತಾವ್ರೀ!”

ತೆಲುಗಿನಲ್ಲಿ ಬರೆದದ್ದನ್ನು ಅವರು ನನಗಾಗಿ ಕನ್ನಡದಲ್ಲಿ ಹೇಳಿದರು: “ಸ್ಥಳೀಯ ವ್ಯಾಪಾರಿಯೊಬ್ಬರು ಮೋರಿಯ ಬಗ್ಗೆ ವಿಶೇಷ ಆಸಕ್ತಿ ತೋರಿಸಿದರು.”

“ನೀರು ನುಗ್ಗೋದು ಎಲ್ಲೈತ್ರಿ ಇದರಾಗ?”

“ಸಿಟ್ಟಿನ ಮಾತು ಸರಕಾರಿ ಕಾಗದದಾಗ ಬರಬಾರದ್ರಿ. ನಿಮ್ಮ ಮರ್ಯಾದಿ ಉಳಿಸೀನಿ.”

ಮೇಲಿನವರು ಆ ಕಾಗದ ಓದಿ, ಯಾರದೂ ತಕರಾರಿಲ್ಲವೆಂದು ಮೋರಿಯನ್ನು ಎತ್ತರಕ್ಕೇ ಕಟ್ಟಿಸಿದರು. ಮೊದಲ ಮಳೆಗೇ ನನ್ನ ಮಷೀನು ಮುಳುಗಿತು. ಮರುದಿನ ಅದೇ ಗುಮಾಸ್ತರು ತಮ್ಮ ಮನೆಯ ಮುರಿದ ಗೇಟು ಆಟೋದಲ್ಲಿ ಹಾಕಿಸಿಕೊಂಡು ಬಂದರು. ಅಂಗಡಿಯೊಳಗಿನ ಕೊಳಕು ನೀರು ಕಂಡು, ಪ್ಯಾಂಟು ಎತ್ತಿ ಹಿಡಿದು ಬಾಗಿಲಲ್ಲೇ ನಿಂತರು.

“ಏನ್ರೀ ಇದು?”

“ಏನಿಲ್ರೀ ಸಾಹೇಬ್ರ,” ಎಂದೆ. “ಮೋರಿ ನೀರು ನಮ್ಮ ಅಂಗಡಿ ಬಗ್ಗೆ ವಿಶೇಷ ಆಸಕ್ತಿ ತೋರಿಸ್ಯಾವ. ಬರ್ರಿ ಒಳಗ.”