ಎಕ್ಸ್‌ಚೇಂಜಿನೊಳಗೆ ಉರಿದ ಮೋಡೆಮ್

ನಮ್ಮ ಕಚೇರಿಯ ಆ ಕಂಪ್ಯೂಟರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅದಕ್ಕೆ ಸುಳ್ಳು ಹೇಳಲು ಕಲಿಸಿದವನು ನಾನೇ.

ಮ್ಯಾಟ್ರಿಕ್ ಮುಗಿಸಿ ಟೆಲಿಫೋನ್ ಲೈನ್‌ಮನ್ ಆದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳಲ್ಲೇ ನನ್ನ ನೌಕರಿ ತೀರಿತು. ಈಗ ಹೇಳುವ ಸಂಗತಿ ಇವುಗಳಲ್ಲಿ ಯಾವ ಊರಿನದೆಂದು ಬರೆಯುವುದಿಲ್ಲ. ಈಗ ಅಲ್ಲಿರುವ ನೌಕರರಿಗೆ ನನ್ನ ಪಾಪ ಅಂಟುವುದು ಬೇಡ.

ತೊಂಬತ್ತರ ದಶಕದಲ್ಲಿ ದೂರು ಬಂದರೆ ದಪ್ಪ ರಜಿಸ್ಟರಿನಲ್ಲಿ ಬರೆಯುತ್ತಿದ್ದರು. ನಾವು ಸೈಕಲ್ ಹತ್ತಿ ಹೋಗಿ, ತಂತಿ ಸರಿಮಾಡಿ, ಮನೆಯವರ ಸಹಿ ತರಬೇಕು. ಒಮ್ಮೆ ಅಡತಿ ಅಂಗಡಿಯ ಮುದುಕರೊಬ್ಬರು, "ಗರ್‌ಗರ್ ಸಪ್ಪಳ ಹೋಗೂತನಕ ಸಹಿ ಇಲ್ಲ, ಕುಂಡ್ರು ಇಲ್ಲೇ" ಎಂದು ನನ್ನನ್ನು ತೊಗರಿ ಚೀಲದ ಮೇಲೆ ಕೂರಿಸಿಕೊಂಡಿದ್ದರು. ಮನಸ್ಸಿನಲ್ಲೇ ಬೈಯುತ್ತ ಇಡೀ ತಂತಿ ಬದಲಿಸಿದೆ. ಸರಿಯಾಯಿತೋ ಇಲ್ಲವೋ ಎಂದು ಹೇಳುವ ಹಕ್ಕು ಆಗ ಅವರದಾಗಿತ್ತು.

ಮುಂದೆ ಬ್ರಾಡ್‌ಬ್ಯಾಂಡ್ ಬಂತು. ಅದರ ಬೆನ್ನಿಗೇ ದೂರುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಬಂತು. ಪರದೆಯ ಮೇಲೆ ಗಿರಾಕಿಯ ನಂಬರು, ಅದರ ಪಕ್ಕ ನನ್ನ ಹೆಸರು. ಮರುದಿನದೊಳಗೆ ದೂರು ಮುಗಿಯದಿದ್ದರೆ ಕೆಂಪು. ಆ ಕೆಂಪು ಪಟ್ಟಿ ತಾನಾಗಿಯೇ ಜಿಲ್ಲಾ ಕಚೇರಿಗೆ ಹೋಗುತ್ತಿತ್ತು. ತಂತಿಯ ತುದಿಗೆ ಒಂದು ಮೋಡೆಮ್, ಅದು ಯಾರದೇ ಇರಲಿ, ಉರಿಯುತ್ತಿದ್ದರೆ ಹಸಿರು. ಹಸಿರಾದರೆ ದೂರು ಮುಚ್ಚಬಹುದು. ಸಹಿ ಬೇಕಿಲ್ಲ. ಅಷ್ಟು ದೊಡ್ಡ ಸಾಫ್ಟ್‌ವೇರ್ ಬರೆದವರಿಗೆ, ಗಿರಾಕಿಯನ್ನು ಒಂದು ಮಾತು ಕೇಳಬೇಕೆಂಬುದು ಹೊಳೆಯಲೇ ಇಲ್ಲವೆ?

ಬಸ್ ಸ್ಟ್ಯಾಂಡಿನ ಎದುರು ಒಬ್ಬ ಹೆಣ್ಣುಮಗಳು ನಾಲ್ಕು ಕಂಪ್ಯೂಟರ್ ಇಟ್ಟು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದಳು. ರಿಸಲ್ಟ್ ನೋಡಲು, ಅರ್ಜಿ ತುಂಬಲು ಹಳ್ಳಿಗಳಿಂದ ಜನ ಬರುತ್ತಿದ್ದರು. ಅವರ ಎದುರಿಗೇ ದಿನಕ್ಕೆ ಹತ್ತು ಸಲ ಲೈನ್ ಹೋಗುತ್ತಿತ್ತು.

ಏಕೆಂದು ನನಗೆ ಗೊತ್ತಿತ್ತು. ನೀರಿನ ಪೈಪಿಗೆಂದು ರಸ್ತೆ ಅಗೆದಾಗ ತುಂಡಾದ ಕೇಬಲ್ಲನ್ನು ಜೋಡಿಸಿದವನು ನಾನೇ. ಊಟದ ಹೊತ್ತಾಗಿತ್ತು. ನೀರು ಇಳಿಯದಂತೆ ಜಾಯಿಂಟನ್ನು ಭದ್ರ ಮಾಡದೆ, ಪ್ಲಾಸ್ಟಿಕ್ ಸುತ್ತಿ ಮಣ್ಣು ಎಳೆದುಬಿಟ್ಟೆ. ಅದರ ಮೇಲೆ ಡಾಂಬರು ಬಿತ್ತು. ಆ ಕೇಬಲ್ಲಿನ ಉಳಿದ ಫೋನುಗಳಲ್ಲಿ ಬರೀ ಗರ್‌ಗರ್; ಬ್ರಾಡ್‌ಬ್ಯಾಂಡ್ ಇದ್ದದ್ದು ಆಕೆಯದೊಂದೇ. ಮತ್ತೆ ಅಗೆಸಬೇಕೆಂದರೆ ಕಾರಣ ಹೇಳಬೇಕಿತ್ತು.

ಅದಕ್ಕೆ ಒಂದು ಉಪಾಯ ಮಾಡಿದೆ. ಊರಿನ ತಂತಿಗಳೆಲ್ಲ ಬಂದು ಸೇರುವ ಕಬ್ಬಿಣದ ಚೌಕಟ್ಟು ಎಕ್ಸ್‌ಚೇಂಜಿನೊಳಗೇ ಇರುತ್ತದೆ. ದೂರು ಬಂದಾಗ ಅಲ್ಲಿ ಆಕೆಯ ತಂತಿ ಬಿಚ್ಚಿ, ಆ ಜಾಗಕ್ಕೆ ನನ್ನದೊಂದು ಹಳೆಯ ಮೋಡೆಮ್ ಹಚ್ಚುತ್ತಿದ್ದೆ. ಪರದೆ ಹಸಿರಾಗುತ್ತಿತ್ತು. ದೂರು ಮುಚ್ಚಿದ ಮೇಲೆ ಆಕೆಯ ತಂತಿಯನ್ನು ಮತ್ತೆ ಜೋಡಿಸುತ್ತಿದ್ದೆ. ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಆಕೆ ಬಟ್ಟೆಯ ಚೀಲ ಹಿಡಿದು ಕಚೇರಿಗೆ ಬಂದಳು. ಬಿಲ್ ಕಟ್ಟುವ ಸಾಲಿನಲ್ಲಿ ಏಳೆಂಟು ಜನರಿದ್ದರು. ಅದೇ ಕಟ್ಟಡದ ಒಳಕೋಣೆಯಲ್ಲಿ, ತೆರೆದ ಬಾಗಿಲಿನಿಂದ ಕಾಣುವಂತೆ, ನಾನು ಚೌಕಟ್ಟಿನ ಹತ್ತಿರ ನಿಂತಿದ್ದೆ.

"ಅಕ್ಕಾರ, ದಿನಾ ಏನ್ರಿ ನಿಮ್ಮ ತಕರಾರು?" ನಮ್ಮ ಸಾಹೇಬರು ಪರದೆಯನ್ನು ಆಕೆಯ ಕಡೆ ತಿರುಗಿಸಿದರು. "ನೋಡ್ರಿ, ಹಸರ ಐತಿ. ನಿಮ್ಮ ಕಂಪ್ಯೂಟರಿಗೇ ಏನೋ ಆಗೇತಿ."

"ಬಿಲ್ ತಪ್ಸಾಕ ಹಿಂಗ ಮಾಡ್ತಾರ್ರಿ ಸಾಹೇಬ್ರ," ಎಂದ ಸಾಲಿನಲ್ಲಿದ್ದ ಒಬ್ಬ. ಎಲ್ಲರೂ ನಕ್ಕರು.

ಆಕೆ ಅತ್ತ ನೋಡಲಿಲ್ಲ. "ಈಗ, ಈ ನಿಮಿಷಕ್ಕ, ನನ್ನ ಮೋಡೆಮ್ ಚಾಲೂ ಐತೇನ್ರಿ?"

"ಐತ್ರಿ. ಮುಂಜಾನಿಂದ ಐತಿ."

ಆಕೆ ಚೀಲದಿಂದ ಮೋಡೆಮ್ ತೆಗೆದು ಮೇಜಿನ ಮೇಲಿಟ್ಟಳು. "ಹಂಗಾದ್ರ ಇದೇನ್ರಿ? ಅಂಗಡ್ಯಾಗ ಬರೀ ವೈರ್ ಜೋತಾಡಾಕತ್ತೈತಿ. ಅಲ್ಲಿ ಯಾವ ದೆವ್ವ ಕುಂತು ಹಸರ ತೋರಸ್ತೈತ್ರಿ?"

ಸಾಹೇಬರು ಒಳಗಿದ್ದ ನನ್ನ ಕಡೆ ನೋಡಿದರು. ನನ್ನ ಮೊಣಕೈ ಹತ್ತಿರವೇ, ಮುಂಜಾನೆ ಹಚ್ಚಿ ಇನ್ನೂ ಬಿಚ್ಚದ ಆ ಹಳೆಯ ಮೋಡೆಮ್ ಮಿಣುಕುತ್ತಿತ್ತು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ನನಗೂ ಅರ್ಥವಾಯಿತು.

"ಸರ್ವರ್ ಒಮ್ಮೊಮ್ಮೆ ಹಳೇದನ್ನಽ ತೋರಸ್ತೈತ್ರಿ," ಎಂದರು. ಆಮೇಲೆ ನನಗೆ, "ಹೌದಿಲ್ಲೋ?"

"ಹೌದ್ರಿ ಸಾಹೇಬ್ರ," ಎಂದೆ.

"ಕಾಕಾ, ನೀವಽ ಹೇಳ್ರಿ." ಆಕೆ ನನ್ನ ಕಡೆ ತಿರುಗಿದಳು. "ನಾ ಸುಳ್ಳ ಹೇಳಾಕತ್ತೇನೇನು?"

ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಒರೆಸುತ್ತ ನಿಂತೆ. ಆಕೆ ಮೋಡೆಮ್ಮನ್ನು ಚೀಲಕ್ಕೆ ಹಾಕಿಕೊಂಡಳು. ಆಕೆ ಬಾಗಿಲು ದಾಟುವ ಮೊದಲೇ ಸಾಲಿನಲ್ಲಿ ಮತ್ತೆ ನಗು ಎದ್ದಿತು.

ಸ್ವಲ್ಪ ದಿನಕ್ಕೆ ಆಕೆ ಸಂಪರ್ಕವನ್ನೇ ಬಿಟ್ಟುಕೊಟ್ಟಳು. ಸಂಪರ್ಕವೇ ಇಲ್ಲದ ಮೇಲೆ ದೂರೆಲ್ಲಿ? ಆ ವರ್ಷ ಜಿಲ್ಲಾ ಕಚೇರಿಯವರು ನಮ್ಮಲ್ಲಿ ಕೆಂಪೇ ಇಲ್ಲವೆಂದು ಮೆಚ್ಚಿ ಪ್ರಶಸ್ತಿಪತ್ರ ಕೊಟ್ಟರು. ಮೇಲಿನವರು ಒಬ್ಬರಾದರೂ ಬಂದು, ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಗೆ ಏಕೆ ಬೀಗ ಬಿದ್ದಿದೆ ಎಂದು ಕೇಳಲಿಲ್ಲ. ಪಟ್ಟಿಯಲ್ಲಿ ಬೀಗ ಕಾಣುತ್ತಿರಲಿಲ್ಲವಲ್ಲ! ಅವರ ಮೇಲೆ ಹಲ್ಲು ಕಡಿಯುತ್ತೇನೆ, ಸಾಹೇಬರ ಮೇಲೂ ಕಡಿಯುತ್ತೇನೆ. ಆದರೆ ಆ ಪ್ರಶಸ್ತಿಪತ್ರವನ್ನು ಗೋಡೆಗೆ ಹಾಕುವಾಗ ಮೊಳೆ ಹೊಡೆದ ಕೈ ನನ್ನದು.

ನಿವೃತ್ತಿಯಾದ ಮೇಲೆ, ಆಕೆ ಮನಗೂಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆಂದು ತಿಳಿದು ಬಸ್ ಹತ್ತಿ ಹೋದೆ. ಎಲ್ಲ ಹೇಳಿದೆ. ಆಕೆ ಯಂತ್ರಕ್ಕೆ ಹಾಳೆ ತುಂಬುವುದನ್ನು ನಿಲ್ಲಿಸಲಿಲ್ಲ.

"ನೀವು ತಲಿ ತಗ್ಗಿಸಿದಾಗಽ ಗೊತ್ತಾತು ಕಾಕಾ."

"ತಪ್ಪಾತವ್ವಾ."

"ನನಗ್ಯಾಕ ಹೇಳ್ತೀರಿ? ನಾ ಖರೇ ಅನ್ನೂದು ನನಗ ಅವತ್ತಽ ಗೊತ್ತಿತ್ತು. ಸಾಲಿನ್ಯಾಗ ನಿಂತು ನಕ್ಕರಲ್ಲ, ಅವರಿಗೆ ಹೇಳ್ರಿ."

ಆ ಏಳೆಂಟು ಜನ ಯಾರೆಂದು ನನಗೆ ನೆನಪಿಲ್ಲ. ಅದಕ್ಕೇ ಇದನ್ನು ಬರೆದೆ. ಊರಿನ ಹೆಸರು ಹೇಳದಿದ್ದರೂ, ಆ ಚೀಲದಿಂದ ಮೋಡೆಮ್ ಹೊರಬಂದದ್ದನ್ನು ನೋಡಿದವರಿಗೆ ತಾವೇ ಎಂದು ತಿಳಿಯುತ್ತದೆ. ನೀವು ನಕ್ಕ ಹೆಣ್ಣುಮಗಳು ಸುಳ್ಳು ಹೇಳಿರಲಿಲ್ಲ. ಆಕೆಯ ಲೈನ್ ಸತ್ತಿತ್ತು. ಉರಿಯುತ್ತಿದ್ದ ಮೋಡೆಮ್ ನನ್ನದು.