ಮಲಗಿದಾಗಿನ ಮುಖ

ಜುರೇಮಾಳನ್ನು ಬಸ್ಸಿನಲ್ಲಿ ಕಂಡ ಯಾರಿಗಾದರೂ, ಈಕೆ ಈಗಷ್ಟೇ ಹತ್ತಿರದವರನ್ನು ಯಾರನ್ನೋ ಮಣ್ಣುಮಾಡಿ ಬರುತ್ತಿದ್ದಾಳೆ ಅನಿಸುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮದುರೇರಾ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ತೆನೋರಿಯೊ ಎಂಬುವವನ ಶವಸಂಸ್ಕಾರದ ಅಂಗಡಿಯಿತ್ತು. ಅಲ್ಲಿಗೆ ಬಂದ ಹೆಣಗಳನ್ನು ತೊಳೆದು, ಬಟ್ಟೆ ತೊಡಿಸಿ, ಮುಖಕ್ಕೆ ಬಣ್ಣ ಹಚ್ಚಿ, ಬಂಧುಗಳು ಕೊನೆಯ ಸಲ ಹೆದರದೆ ನೋಡುವಂತೆ ಮಾಡುವುದು ಅವಳ ಕೆಲಸ. ಆದರೆ ಮುಖದಲ್ಲಿದ್ದ ದುಃಖ ಕೆಲಸದಿಂದ ಬಂದದ್ದಲ್ಲ. ಐವತ್ತು ದಾಟಿದ ಮೇಲೆ ಅವಳ ಕೆನ್ನೆ ಜೋತುಬಿದ್ದು, ಬಾಯಿಯ ತುದಿಗಳು ಕೆಳಗಿಳಿದು, ಗದ್ದದಡಿಯ ಚರ್ಮ ಜೋಳಿಗೆಯಾಗಿತ್ತು. ಸ್ವಭಾವದಲ್ಲಿ ಅವಳು ನಗೆಗಾರ್ತಿ. ಶನಿವಾರ ಸಾಂಬಾ ಕುಣಿತದ ಅಂಗಳದಲ್ಲಿ ಅವಳಿದ್ದರೆ ಉಳಿದವರ ಮಾತು ಕೇಳಿಸುತ್ತಿರಲಿಲ್ಲ. ಆ ನಗು ಮುಖಕ್ಕೆ ಬರುವಷ್ಟರಲ್ಲಿ ಅಳುವಾಗಿಬಿಡುತ್ತಿತ್ತು.

"ಏನಾಯ್ತು ತಿಯಾ? ಯಾರು ಹೋದ್ರು?" ಎಂದು ಅಪರಿಚಿತರು ಚಿಕ್ಕಮ್ಮನನ್ನು ಕರೆದಂತೆ ಕರೆದು ಸೀಟು ಬಿಟ್ಟುಕೊಡುತ್ತಿದ್ದರು.

ತೆನೋರಿಯೊಗೆ ಇದರಿಂದ ಸಂತೋಷವೇ. "ದೋನಾ ಜುರೇಮಾ, ನಿಮ್ಮ ಮುಖ ನೋಡಿದ್ರೆ ಸತ್ತವರ ಮನೆಯೋರಿಗೆ ಅರ್ಧ ಸಮಾಧಾನ. ನಮಗಿಂತ ಹೆಚ್ಚು ಅಳೋರು ಒಬ್ಬರಿದ್ದಾರಲ್ಲ ಅಂತ" ಎನ್ನುತ್ತಿದ್ದ.

ಒಂದು ದಿನ ಅವಳ ಸ್ವಂತ ಹುಟ್ಟುಹಬ್ಬದ ಫೋಟೊ ಬಂತು. ಕೇಕಿನ ಸುತ್ತ ಎಲ್ಲರೂ ಹಲ್ಲು ಬಿಟ್ಟು ನಿಂತಿದ್ದಾರೆ, ನಡುವೆ ಅವಳೊಬ್ಬಳು ಮಾತ್ರ ಶವದ ಪೆಟ್ಟಿಗೆಯ ಮುಂದೆ ನಿಂತವಳಂತೆ. ಅದನ್ನು ನೋಡಿದ ಮಾರನೇ ಬೆಳಿಗ್ಗೆಯೇ ಅವಳು ಎರಡು ರೈಲು ಬದಲಿಸಿ, ಕಲಿಯುವ ಡಾಕ್ಟರುಗಳು ಬಡವರಿಗೂ ಮುಖದ ಆಪರೇಷನ್ ಮಾಡಿಕೊಡುವ ದೊಡ್ಡಾಸ್ಪತ್ರೆಗೆ ಹೋಗಿ ಹೆಸರು ಬರೆಸಿ ಬಂದಳು. ಕರೆ ಬರಲು ವರ್ಷ ಹಿಡಿಯಬಹುದು ಎಂದರು.

ಗಂಡ ಅದೆಮಿರ್‌ಗೆ ಅವಳು ಹೇಳಲಿಲ್ಲ. ಹೇಳಿದರೆ ಬೀದಿಗೆಲ್ಲ ತಮಾಷೆಯಾಗುತ್ತಿತ್ತು.

ಆ ಕಾಯುವಿಕೆಯ ನಡುವೆ ದೋನಾ ಓದೆಟ್ ಎಂಬಾಕೆಯ ಹೆಣ ಬಂತು. ಸೆಖೆಯ ಮಧ್ಯಾಹ್ನ. ತಣ್ಣನೆಯ ಕೋಣೆಯಲ್ಲಿ ಕೂದಲು ಬಾಚುತ್ತಿದ್ದ ಜುರೇಮಾಳ ಬೆರಳಿಗೆ ಕಿವಿಯ ಮುಂದಿನಿಂದ ಹೊರಟು, ಕಿವಿಯನ್ನು ಸುತ್ತಿ, ಹಿಂದೆ ಕೂದಲೊಳಗೆ ಹೋದ ಸಣ್ಣ ಗೆರೆ ತಗುಲಿತು. ಅಂಥ ಗೆರೆಗಳನ್ನು ಅವಳು ಎಷ್ಟೋ ಕಂಡಿದ್ದಳು. ಬದುಕಿರುವವರೆಗೆ ಕೂದಲಿನಲ್ಲಿ ಮುಚ್ಚಿಟ್ಟದ್ದೆಲ್ಲ ಆ ಮೇಜಿನ ಮೇಲೆ ಬಯಲಾಗುತ್ತಿತ್ತು. ಹೊಲಿಗೆ ಒಳ್ಳೆಯ ಕೈಯದು. ಎಪ್ಪತ್ತು ದಾಟಿದ ಮುಖದಲ್ಲಿ ಒಂದು ಮಡಿಕೆಯೂ ಇರಲಿಲ್ಲ.

ಮಗಳು ಇವೋನೆ ಹಳೆಯ ಫೋಟೊವೊಂದನ್ನು ತಂದುಕೊಟ್ಟಳು. ಅದರಲ್ಲಿ ಜೋತ ಕೆನ್ನೆಯ, ಕಣ್ಣಡಿ ಚೀಲ ಕಟ್ಟಿದ ಮುದುಕಿಯೊಬ್ಬಳು ಬಟಾಣಿ ಸುಲಿಯುತ್ತಿದ್ದಳು.

"ಹೀಗೆ ಮಾಡಿಕೊಡಿ" ಎಂದಳು ಇವೋನೆ.

"ಇದು ಯಾರು?"

"ನಮ್ಮಮ್ಮ. ಅಲ್ಲಿ ಮಲಗಿರೋದು ಯಾರೋ ನನಗೆ ಗೊತ್ತಿಲ್ಲ. ಸಾವೊಪಾವ್ಲೊಗೆ ನೆಂಟರ ಮನೆಗೆ ಹೋಗ್ತೀನಿ ಅಂದ್ಳು. ಎರಡು ತಿಂಗಳು ಬಿಟ್ಟು ಬಾಗಿಲು ತಟ್ಟಿದ್ಳು. ನಾನು 'ಯಾರು ಬೇಕು ನಿಮಗೆ' ಅಂತ ಕೇಳಿಬಿಟ್ಟೆ. ಅಮ್ಮನ್ನ. ಅದನ್ನ ಅವಳು ಸಾಯೋವರೆಗೂ ಮರೀಲಿಲ್ಲ. ನಾನೂ ಮರೀಲಿಲ್ಲ."

ಹೊಲಿದು ಬಿಗಿದದ್ದನ್ನು ಬಿಚ್ಚಲಾಗುವುದಿಲ್ಲ. ಜುರೇಮಾ ಕುಂಚ ಹಿಡಿದಳು. ಮೂಗಿನ ಪಕ್ಕದಿಂದ ಬಾಯಿಗೆ ಒಂದು ನೆರಳು, ಕಣ್ಣ ಕೆಳಗೆ ಕಂದು, ದವಡೆಯ ಮೇಲೆ ಮಸುಕು ಕಲೆ. ಜೀವಮಾನವಿಡೀ ಸುಕ್ಕು ಅಳಿಸಿದವಳು ಅಂದು ಸುಕ್ಕು ಬರೆಯುತ್ತಿದ್ದಳು. ಬರೆಯುತ್ತಾ ಹೋದಂತೆ ಕೆಳಗಿನಿಂದ ಯಾರೋ ಮೇಲೆದ್ದು ಬರುತ್ತಿರುವಂತೆ ಕಂಡು ಅವಳ ಕೈ ತಡೆಯಿತು. ಆ ಇನ್ನೊಬ್ಬ ಮುದುಕಿ ಇಷ್ಟು ವರ್ಷ ಬಿಗಿದ ಚರ್ಮದ ಹಿಂದೆಯೇ ಕಾದು ಕೂತಿದ್ದಳೇನೋ ಎಂಬಂತೆ. ಇವೋನೆ ಒಳಗೆ ಬಂದು ನೋಡಿ, "ಅಮ್ಮ" ಎಂದು ಅಷ್ಟೇ ಅಂದಳು. ಆಮೇಲೆ ಹೆಣದ ಕಿವಿಯ ಬಳಿ ಬಾಗಿ ಬಹಳ ಹೊತ್ತು ಏನೋ ಹೇಳಿಕೊಂಡಳು.

ಅಂದು ಸಂಜೆ ಜುರೇಮಾ ಗಂಡನಿಗೆ ಎಲ್ಲ ಹೇಳಿಬಿಟ್ಟಳು.

ಬಸ್ ಡ್ರೈವರ್ ಆಗಿ ನಿವೃತ್ತನಾದ ಅದೆಮಿರ್ ತಟ್ಟೆಯಲ್ಲಿ ಅನ್ನಕ್ಕೆ ಕಪ್ಪು ಬೀನ್ಸ್ ಕಾಳಿನ ಸಾರು ಕಲಸುತ್ತಾ ಕೇಳಿದ: "ಹೊಸ ಮುಖಕ್ಕೆ ಹೊಸ ಗಂಡನ್ನೂ ಆಸ್ಪತ್ರೆಯೋರೇ ಕೊಡ್ತಾರಾ, ಇಲ್ಲ ಹಳೇದ್ರಲ್ಲೇ ಸುಧಾರಿಸ್ಬೇಕಾ?"

"ಹಳೇದೇ ಸಾಕು. ನೀನೂ ಬಾ ನನ್ ಜೊತೆ. ಡಾಕ್ಟರ್ ಹೇಳೋದು ನಿನ್ ಕಿವಿಗೂ ಬೀಳಲಿ."

"ನನ್ ಮುದುಕಿ, ನಾನು ಈ ಮುಖಾನೇ ಮದುವೆ ಆಗಿದ್ದು."

"ಇದನ್ನಲ್ಲ. ಇದು ಜೋತುಬೀಳೋಕೆ ಮುಂಚೆ ಮೇಲೆ ಇದ್ದದ್ದನ್ನ."

ಕರೆ ಬಂದಾಗ ಇಬ್ಬರೂ ಹೋದರು. ಡಾಕ್ಟರ್ ಹೆಲೊಯ್ಸಾ ಚಿಕ್ಕ ವಯಸ್ಸಿನವಳು, ಅವಸರವಿಲ್ಲದವಳು. ಮೊದಲು ಕೇಳಿದ್ದೇ, "ಯಾಕೆ ಬೇಕು ದೋನಾ ಜುರೇಮಾ? ಯಾರಾದ್ರೂ ಮಾಡಿಸ್ಕೊ ಅಂದ್ರಾ?"

"ಯಾರೂ ಅನ್ನಲಿಲ್ಲ. ನಾನು ಅಳ್ತಾ ಇಲ್ಲ ಡಾಕ್ಟ್ರೇ. ನನ್ ಮುಖ ಅಳ್ತಾ ಇದೆ."

ಡಾಕ್ಟರ್ ನಗಲಿಲ್ಲ. ಅವಳ ಕೈಗೊಂದು ಕನ್ನಡಿ ಕೊಟ್ಟು, ಪರೀಕ್ಷೆಯ ಮಂಚದ ಮೇಲೆ ಮಲಗಿ ನೋಡಲು ಹೇಳಿದಳು. "ಆಪರೇಷನ್ ಆದ್ಮೇಲೆ ಹೆಚ್ಚುಕಮ್ಮಿ ಹೀಗೆ ಕಾಣ್ತೀರ. ಮಲಗಿದಾಗ ಕೆನ್ನೆ ಕಿವಿ ಕಡೆ ಜಾರತ್ತೆ. ನಾವು ಮಾಡೋದೂ ಅದನ್ನೇ. ಒಳಗಿನ ಪದರ ಎತ್ತಿ ಕಟ್ಟಿ, ಹೆಚ್ಚಾದ ಚರ್ಮ ತೆಗೀತೀವಿ."

ಜುರೇಮಾ ನೋಡಿದಳು. ಕನ್ನಡಿಯಲ್ಲಿ ಹತ್ತು ವರ್ಷ ಚಿಕ್ಕವಳೊಬ್ಬಳು ಶಾಂತವಾಗಿ ಅಂಗಾತ ಮಲಗಿದ್ದಳು. ಆ ಶಾಂತಿಯ ಪರಿಚಯ ಅವಳಿಗಿತ್ತು. "ಎಷ್ಟು ಚಿಕ್ಕೋಳ ಹಾಗೆ ಕಾಣ್ತಾಳೆ, ನಿಮ್ ಕೈಗುಣ" ಎಂದು ಜನ ಶವದ ಮುಂದೆ ನಿಂತು ಹೊಗಳಿದಾಗಲೆಲ್ಲ ಅವಳು ತನ್ನ ಬಣ್ಣದ ಕೆಲಸವೆಂದು ಹಿಗ್ಗಿದ್ದಳು. ಅದು ಅವಳ ಕೈಗುಣವಲ್ಲ, ಮಲಗಿದ ಮಾಂಸದ ಗುಣ. ಅವಳು ಬೇಡಿ ಬಂದಿದ್ದ ಮುಖ ದಿನಾ ಮೇಜಿನ ಮೇಲೆ ಅವಳೇ ನೋಡುತ್ತಿದ್ದ ಮುಖ. ತಟ್ಟನೆ ಎದ್ದು ಕೂತಳು. ಕೆನ್ನೆ ಮತ್ತೆ ಕೆಳಗಿಳಿಯಿತು. ಅದು ಇಳಿದದ್ದಕ್ಕೆ ಮೊದಲ ಸಲ ಸಮಾಧಾನವಾಯಿತು.

"ಹೆದರಿದ್ರಾ? ಇವತ್ತೇ ಒಪ್ಕೋಬೇಕಾಗಿಲ್ಲ, ಮನೇಗೆ ಹೋಗಿ ಯೋಚ್ನೆ ಮಾಡಿ" ಎಂದಳು ಡಾಕ್ಟರ್.

ಉಳಿದದ್ದನ್ನೂ ಮುಚ್ಚಿಡದೆ ಹೇಳಿದಳು. ಗಾಯದ ಗೆರೆ ಮಸುಕಾಗುತ್ತದೆ, ಮಾಯವಾಗುವುದಿಲ್ಲ. ತುಟಿಯ ಮೇಲಿನ ಸಣ್ಣ ಗೆರೆಗಳೂ ಕಣ್ಣಡಿಯ ಚೀಲವೂ ಇದರಿಂದ ಹೋಗುವುದಿಲ್ಲ. ಚರ್ಮದಡಿ ರಕ್ತ ಕಟ್ಟಿಕೊಂಡರೆ ಮತ್ತೆ ತೆರೆಯಬೇಕಾಗಬಹುದು. ನಗಿಸುವ ನರಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು. ಸಾಮಾನ್ಯವಾಗಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ಕಿವಿಯ ಸುತ್ತ ತಿಂಗಳುಗಟ್ಟಲೆ ಜೋಮು. ವಯಸ್ಸು ನಿಲ್ಲುವುದಿಲ್ಲ, ಹೊಸ ಜಾಗದಿಂದ ಮತ್ತೆ ನಡೆಯಲು ಶುರುಮಾಡುತ್ತದೆ.

"ಸಿಗರೇಟ್ ಸೇದ್ತೀರಾ?"

"ಊಟ ಆದ್ಮೇಲೆ" ಎಂದಳು ಜುರೇಮಾ.

"ಯಾವ ಊಟ ಆದ್ಮೇಲೆ ಅಂತ ಕೇಳಿ ಡಾಕ್ಟ್ರೇ" ಎಂದ ಅದೆಮಿರ್. "ದಿನಕ್ಕೆ ಇಪ್ಪತ್ತು ಊಟ ಮಾಡ್ತಾಳೆ."

"ಪೂರ್ತಿ ಬಿಡಬೇಕು, ಮೊದಲೂ ಆಮೇಲೂ. ಇಲ್ಲದಿದ್ರೆ ಎಳೆದ ಚರ್ಮಕ್ಕೆ ರಕ್ತ ಸಾಲದೆ ಕಿವಿ ಹಿಂದೆ ಕಪ್ಪಾಗಿ ಸಾಯತ್ತೆ."

ಆ ಕಪ್ಪು ಯಾವ ಬಣ್ಣವೆಂದು ಜುರೇಮಾಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅಂದೇ ಸಿಗರೇಟು ಪೊಟ್ಟಣವನ್ನು ರೈಲು ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಬಂದಳು.

ಎರಡು ತಿಂಗಳು ಯೋಚಿಸಿದಳು. ಮಾಡಿಸಿಕೊಳ್ಳಬಾರದು ಎಂದುಕೊಂಡ ದಿನವೇ ಬಸ್ಸಿನಲ್ಲಿ ಯಾರೋ ಹುಡುಗಿ ಎದ್ದು ಜಾಗ ಕೊಟ್ಟು ಕಣ್ಣು ತೇವ ಮಾಡಿಕೊಂಡಳು. ಜುರೇಮಾ ವಾಪಸ್ ಹೋಗಿ ಒಪ್ಪಿಗೆ ಕೊಟ್ಟಳು. "ಕಡಿಮೆ ಎಳೀರಿ ಡಾಕ್ಟ್ರೇ. ನಮ್ಮೋರು ಬಾಗಿಲು ತೆಗೆದಾಗ 'ಯಾರು ಬೇಕು' ಅನ್ನಬಾರ್ದು" ಎಂದಳು.

ಆಪರೇಷನ್ ಸುಸೂತ್ರವಾಯಿತು. ಮನೆಗೆ ಬಂದಾಗ ಮುಖ ಊದಿ, ಕತ್ತಿನವರೆಗೆ ನೇರಳೆ ಇಳಿದಿತ್ತು. ತಲೆ ಎತ್ತರಿಸಿ ಅಂಗಾತವೇ ಮಲಗಬೇಕು, ಮಗ್ಗುಲಾಗಬಾರದು ಎಂದಿದ್ದರು. ಮಧ್ಯಾಹ್ನ ಬಾಗಿಲಿಗೆ ಪರದೆ ಎಳೆದು ಅವಳು ದಿಂಬುಗಳ ಮೇಲೆ ಮಲಗಿರುತ್ತಿದ್ದಳು, ಪಟ್ಟಿ ಸುತ್ತಿದ ದವಡೆ, ಎದೆಯ ಮೇಲೆ ಜೋಡಿಸಿದ ಕೈ. ಒಮ್ಮೆ ಎಚ್ಚರವಾದಾಗ ಮೂಗಿನ ಕೆಳಗೆ ಅದೆಮಿರ್‌ನ ಬೆರಳಿತ್ತು.

"ಏನ್ ಮಾಡ್ತಿದ್ದೀಯ?"

"ನೊಣ ಇತ್ತು" ಎಂದ ಅವನು. ಬೆರಳು ಹಿಂದೆಳೆದುಕೊಂಡು, "ಆ ಕೈ ಎದೆ ಮೇಲಿಂದ ತೆಗಿ ಕಣೇ. ಪಕ್ಕಕ್ಕಿಟ್ಕೊ" ಎಂದ.

ಊತ ಇಳಿಯಿತು. ಎಡಗಡೆಯ ತುಟಿ ಕೆಲವು ವಾರ ಸೋತು ಅವಳ ನಗು ಒಂದೇ ಕಡೆ ಮೂಡುತ್ತಿತ್ತು, ಆಮೇಲೆ ಎರಡೂ ಕಡೆ ಬಂತು. ಜೋಮು ಮಾತ್ರ ಹೋಗಲಿಲ್ಲ. ಮುಖ ತೊಳೆಯುವಾಗ ಅವಳ ಕೈಗೆ ಒಂದು ಕೆನ್ನೆ ಸಿಗುತ್ತಿತ್ತು, ಆ ಕೆನ್ನೆಗೆ ಕೈ ಸಿಗುತ್ತಿರಲಿಲ್ಲ. ಮುಟ್ಟಿದರೆ ಮರುಮಾತಾಡದ ಚರ್ಮ ಅವಳಿಗೆ ಹೊಸತಲ್ಲ, ಆದರೆ ಅದು ತನ್ನ ಕತ್ತಿನ ಮೇಲೆಯೇ ಕೂತಿರುವುದು ಹೊಸತು. ಕೆಲಸಕ್ಕೆ ಮರಳಿದ ಮೊದಲ ದಿನ ಒಬ್ಬ ಮುದುಕನ ಗಡ್ಡ ಬೋಳಿಸುವಾಗ ಕ್ಷೌರದ ಕತ್ತಿ ಕೆಳಗಿಟ್ಟು, ಎಡಗೈ ಅವನ ಕೆನ್ನೆಯ ಮೇಲೆ, ಬಲಗೈ ತನ್ನದರ ಮೇಲೆ ಇಟ್ಟು ನೋಡಿದಳು. ಒಂದಕ್ಕೊಂದು ವ್ಯತ್ಯಾಸ ಬಿಸಿಯದು ಮಾತ್ರ. ಬಲಗೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ತೆನೋರಿಯೊ ಅವಳನ್ನು ಸುತ್ತಿ ನೋಡಿ ಗೊಣಗಿದ. "ಚೆನ್ನಾಗಿದ್ದೀರಿ, ಅದೇ ತೊಂದರೆ. ಸಾವಿನ ಮನೆಯೋರ ಮುಂದೆ ಬರೋವಾಗ ಸ್ವಲ್ಪ ತಲೆ ತಗ್ಗಿಸಿ."

"ತಗ್ಗಿಸಿದ್ರೂ ಬೀಳಲ್ಲ, ತೆನೋರಿಯೊ ಅವ್ರೇ. ಹೊಲಿದಿದ್ದಾರೆ" ಎಂದಳು ಅವಳು.

ಬಸ್ಸಿನಲ್ಲಿ ಈಗ ಯಾರೂ ಎದ್ದು ಜಾಗ ಕೊಡುತ್ತಿರಲಿಲ್ಲ. ಅವಳು ನಿಂತೇ, ಖುಷಿಯಾಗಿ, ಕಂಬಿ ಹಿಡಿದು ಬರುತ್ತಿದ್ದಳು.

ಸ್ಪರ್ಶ ಸ್ವಲ್ಪ ಸ್ವಲ್ಪವಾಗಿ ವಾಪಸಾಯಿತು. ಮೊದಲು ಇರುವೆ ಹರಿದಂತೆ, ಆಮೇಲೆ ಸೂಜಿ ಚುಚ್ಚಿದಂತೆ. ಒಂದು ಭಾನುವಾರ ಅದೆಮಿರ್ ಅಡಿಗೆಮನೆಯಲ್ಲಿ ಹಿಂದಿನಿಂದ ಬಂದು ಅವಳ ಕೆನ್ನೆಗೆ ಕೆನ್ನೆ ಒತ್ತಿದಾಗ, ಅವನು ಎರಡು ದಿನದಿಂದ ಗಡ್ಡ ಬೋಳಿಸಿಲ್ಲವೆಂದು ಅವಳಿಗೆ ಗೊತ್ತಾಯಿತು. ಸೌಟು ಕೆಳಗಿಟ್ಟು ಅವಳು ತನ್ನ ಕೆನ್ನೆಯನ್ನು ಅವನದಕ್ಕೆ ಮತ್ತೊಮ್ಮೆ ಒತ್ತಿದಳು.

"ಯಾಕೆ ಅಳ್ತಿದ್ದೀಯ?" ಎಂದ ಅವನು.

"ಅಳ್ತಾ ಇದ್ದೀನಿ ಅಂತ ಕಾಣತ್ತಾ?"

"ಕಾಣತ್ತೆ."

"ಸರಿ ಹಾಗಾದ್ರೆ" ಎಂದಳು.

ನಾನೂ ಮಾಡಿಸಿಕೊಳ್ಳಲೇ ಎಂದು ಬೀದಿಯ ಹೆಂಗಸರು ಈಗಲೂ ಅವಳನ್ನು ಕೇಳಲು ಬರುತ್ತಾರೆ. ಅವಳು ಹೌದೆಂದೂ ಅನ್ನುವುದಿಲ್ಲ, ಬೇಡವೆಂದೂ ಅನ್ನುವುದಿಲ್ಲ. ಮನೆಯಲ್ಲಿ ಯಾರಿಗೆ ಹೇಳಿದ್ದೀರಿ ಎಂದು ಮೊದಲು ಕೇಳುತ್ತಾಳೆ. ಆಮೇಲೆ ತನ್ನ ಕೂದಲೆತ್ತಿ ಗೆರೆ ತೋರಿಸುತ್ತಾಳೆ, ಮುಟ್ಟಿ ನೋಡಿ ಎನ್ನುತ್ತಾಳೆ. ಎಡಗಿವಿಯ ಹಾಲೆಗೆ ಮಾತ್ರ ಇನ್ನೂ ಜೀವ ಬಂದಿಲ್ಲ, ಬರುವುದೂ ಇಲ್ಲವಂತೆ. ಅಲ್ಲಿಯ ಓಲೆ ಎರಡು ಸಲ ಬಿದ್ದುಹೋದದ್ದು ಅವಳಿಗೆ ತಿಳಿಯಲಿಲ್ಲ. ಯಾರಾದರೂ ಅದನ್ನು ಹಿಡಿದದ್ದು ಕಂಡರೆ, ಪಕ್ಕದಲ್ಲಿ ನಿಂತ ಇನ್ನೊಬ್ಬಳನ್ನು ಹಿಡಿದರೇನೋ ಎಂಬಂತೆ ಜುರೇಮಾ ಒಮ್ಮೆ ಆ ಕಡೆ ತಿರುಗಿ ನೋಡುತ್ತಾಳೆ.