ಹುಟ್ಟು ಯಾರ ಕೈಯಲ್ಲಿ

ಭಾನುವಾರ ಮಧ್ಯಾಹ್ನ ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತುವಾಗ ನನ್ನ ಗಂಡ ರಾತ್ರಿಯ ಊಟಕ್ಕೆಂದು ಕಟ್ಟಿಕೊಡುತ್ತಿದ್ದ ಚಿತ್ರಾನ್ನ, ಕೊಲ್ಲಂ ಬರುವುದರೊಳಗೆ ಮುಗಿದಿರುತ್ತಿತ್ತು. ಹಸಿವಿಗಲ್ಲ, ದಿಗಿಲಿಗೆ. ದಿಗಿಲಾದಾಗ ಅನ್ನ ಸೇರದವರನ್ನು ನೀವು ಕಂಡಿರುತ್ತೀರಿ. ನಾನು ಅವರ ದಾಯಾದಿ, ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವವಳು. ಗಂಡ ತಿರುವನಂತಪುರದಲ್ಲಿ ವಿಜ್ಞಾನಿ, ಏಳು ವರ್ಷದ ಮಗಳು ಅವನ ಜೊತೆ. ನಾನು ಕೊಚ್ಚಿಯ ಐಟಿ ಪಾರ್ಕಿನಲ್ಲಿ ನೌಕರಿ ಮಾಡುತ್ತ ಹಾಸ್ಟೆಲಿನಲ್ಲಿದ್ದೆ. ಮೈಸೂರು ಬಿಟ್ಟ ಮೇಲೆ ನಮ್ಮ ಸಂಸಾರ ನಡೆಯುತ್ತಿದ್ದದ್ದು ಶನಿವಾರಗಳಲ್ಲಿ ಮಾತ್ರ.

ಮಿಕ್ಕ ದಿನಗಳ ಸಂಜೆಗಳನ್ನು ಏನು ಮಾಡುವುದೆಂದು ತಿಳಿಯದೆ ನಾನು ಮಟ್ಟಾಂಚೇರಿಯ ಕಡೆ ಹೋಗುತ್ತಿದ್ದೆ. ಒಣಶುಂಠಿ, ಮೆಣಸುಗಳ ಘಾಟು ಹೊತ್ತ ಗೋದಾಮುಗಳ ಬೆನ್ನು ನೀರಿಗೆ ತಾಗಿರುವುದನ್ನು ರಸ್ತೆಯಿಂದ ನೋಡಿದರೆ ತಿಳಿಯುವುದಿಲ್ಲ, ದೋಣಿಯಿಂದಲೇ ನೋಡಬೇಕು. ಅದನ್ನು ತೋರಿಸಿಕೊಟ್ಟವರು ಔಸೇಪ್ ಚೇಟ್ಟನ್; ಅಲ್ಲಿ ಅಣ್ಣನನ್ನು ಹಾಗೆ ಕರೆಯುತ್ತಾರೆ. ಹತ್ತಿರದ ದ್ವೀಪದ ಕಡವಿನಲ್ಲಿ ಮೂವತ್ತು ವರ್ಷಗಳಿಂದ ಜನರನ್ನು ಆಚೆಗೆ ದಾಟಿಸುತ್ತಿದ್ದವರು. ಅವರ ದೋಣಿಯಲ್ಲಿ ಕುಳಿತಾಗಲೇ ನನಗೆ ಹೊಳೆದದ್ದು: ಯಂತ್ರವಿಲ್ಲದ, ಹೊಗೆಯಿಲ್ಲದ ಪ್ರವಾಸ; ಹಳೆಯ ಅರಮನೆ, ಗೋದಾಮು, ಇಗರ್ಜಿ, ಕೊನೆಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆ. ಆರು ಮಂದಿ ಪ್ರವಾಸಿಗರು, ಒಂದು ಹುಟ್ಟು. ಔಸೇಪ್ ಚೇಟ್ಟನಿಗೆ ಹೇಳಿದೆ. ಅವರು ನಕ್ಕು, "ನೀನು ಮಾತಾಡು ಮೋಳೇ, ನಾನು ಹುಟ್ಟು ಹಾಕುತ್ತೇನೆ" ಎಂದರು. ಮಗಳನ್ನು ಕರೆಯುವ ಆ ಮಲಯಾಳದ ಮಾತಿಗೆ ನಾನು ಕರಗಿಹೋದೆ.

ಆಮೇಲೆ ಎಂಟು ತಿಂಗಳು ನಾನು ಕಾಗದದ ಮೇಲೆಯೇ ಪ್ರವಾಸ ಮಾಡಿದೆ. ನಕ್ಷೆ ಬರೆದೆ, ಅಳಿಸಿದೆ, ಸಮುದ್ರದ ಇಳಿತದ ಹೊತ್ತಿಗೆ ಕಾಲುವೆಯಲ್ಲಿ ನೀರೆಷ್ಟು ಎಂದು ಕೇಳಿ ಗುರುತು ಹಾಕಿಕೊಂಡೆ. ರಾಜೀನಾಮೆ ಪತ್ರವನ್ನೂ ಬರೆದು ಕಂಪ್ಯೂಟರಿನಲ್ಲಿ ಇಟ್ಟೆ. ವಾರಕ್ಕೊಮ್ಮೆ ತೆರೆದು ಒಂದು ಅಲ್ಪವಿರಾಮ ತಿದ್ದಿ ಮುಚ್ಚುತ್ತಿದ್ದೆ. ಯೋಚನೆಗೂ ಯೋಜನೆಗೂ ನಡುವೆ ಒಂದೇ ಅಕ್ಷರದ ಅಂತರ. ಅದನ್ನು ದಾಟಿಸುವ ಕಡವು ಮಾತ್ರ ನನಗೆ ಸಿಗಲಿಲ್ಲ. ನೌಕರಿ ಬಿಟ್ಟ ಮೇಲೆ ಯಾರೂ ಬರದಿದ್ದರೆ? ದೋಣಿ ಮಗುಚಿದರೆ? ಈಜು ಬಾರದವಳು ಜನರನ್ನು ನೀರಿಗೆ ಕರೆದೊಯ್ಯುವುದೆಂದರೇನು?

"ನಿನಗೆ ಭಯ ಆಗೋದು ಸರಿ ಕಣೇ," ಎಂದ ಗಂಡ ಒಂದು ಶನಿವಾರ. "ಆದರೆ ಅವರಿಗೆ ಏನು ಹೇಳಿದೀಯ?"

"ಮಾಡೋಣ ಅಂತ ಹೇಳಿದೀನಿ."

"ಅಷ್ಟೇನಾ?"

ಅಷ್ಟೇ ಅಲ್ಲವೆಂದು ಮುಂದಿನ ವಾರ ಗೊತ್ತಾಯಿತು. ಕಡವಿಗೆ ಹೋದರೆ ಅಲ್ಲಿ ಹುಟ್ಟು ಹಾಕುತ್ತಿದ್ದವನು ಬೇರೊಬ್ಬ. ಔಸೇಪ್ ಚೇಟ್ಟನ್ ದಡದಲ್ಲಿ ತಮ್ಮ ದೋಣಿಯನ್ನು ಮಗುಚಿ ಹಾಕಿ ಎಣ್ಣೆ ಬಳಿಯುತ್ತಿದ್ದರು. ಕಡವನ್ನು ಬಿಟ್ಟುಕೊಟ್ಟೆ ಎಂದರು. ಹೇಗೂ ಸೇತುವೆ ಬರಲಿದೆ, ನಮ್ಮ ಕೆಲಸ ಶುರುವಾಗುತ್ತದಲ್ಲ ಎಂದರು. ನಾನು ತಲೆಯಾಡಿಸಿದೆ. ನನ್ನ ದಿಗಿಲು ಅಷ್ಟು ದಿನ ನನ್ನದೊಂದೇ ಆಸ್ತಿಯಾಗಿತ್ತು. ಅಂದಿನಿಂದ ಅದರಲ್ಲಿ ಇನ್ನೊಬ್ಬರ ಮನೆಯ ಒಲೆಯೂ ಸೇರಿತು.

ಅನುಮತಿಗಾಗಿ ನಾನೂ ಔಸೇಪ್ ಚೇಟ್ಟನೂ ತಿರುವನಂತಪುರದ ಪ್ರವಾಸೋದ್ಯಮ ಕಚೇರಿಗೆ ಹೋದೆವು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅಧಿಕಾರಿ ಸಜ್ಜನ, ನನ್ನ ಕಾಗದಗಳನ್ನು ಮೆಚ್ಚಿಕೊಂಡು ತಿರುವಿಹಾಕಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ದಿನಾ ದೋಣಿಯ ಜೊತೆ ಇದ್ದು ಇದರ ಹೊಣೆ ಹೊರುವವರು ಯಾರು?"

‘ನಾನು’ ಎನ್ನಬೇಕಿತ್ತು. ಎರಡೇ ಅಕ್ಷರ. ಪಕ್ಕದಲ್ಲಿ ಔಸೇಪ್ ಚೇಟ್ಟನ್ ನನ್ನತ್ತ ತಿರುಗಿದ್ದು ಕಾಣಿಸಿತು. "ಸ್ವಲ್ಪ ಹೊತ್ತು ಬಿಟ್ಟು ಬರುತ್ತೇವೆ" ಎಂದು ಎದ್ದುಬಿಟ್ಟೆ.

ಹೊರಗಿನ ಚಹಾದಂಗಡಿಯಲ್ಲಿ ಎಲ್ಲವನ್ನೂ ಹೇಳಿದೆ: ಕಳಿಸದ ರಾಜೀನಾಮೆ, ಬಾರದ ಈಜು, ಸುಳ್ಳಾಗಿ ಆಡಿಸಿದ ತಲೆ. ಅವರು ಕೇಳುತ್ತಲೇ ಲೋಟ ಖಾಲಿ ಮಾಡಿದರು.

"ಮೋಳ್ ಹೆದರಿದ್ದಾಳೆಂದು ಮೊದಲ ದಿನವೇ ಗೊತ್ತಿತ್ತು. ದೋಣಿ ಹತ್ತುವವರ ಕಾಲು ನೋಡಿದರೆ ತಿಳಿಯುತ್ತದೆ."

"ಹಾಗಿದ್ದರೂ ಕಡವನ್ನು ಯಾಕೆ ಬಿಟ್ಟಿರಿ ಚೇಟ್ಟಾ?"

"ನಾನು ಹೆದರಿರಲಿಲ್ಲವಲ್ಲ." ಆಮೇಲೆ ಲೋಟ ಕೆಳಗಿಟ್ಟು, "ಆ ಕಾಗದದಲ್ಲಿ ನನ್ನ ಹೆಸರು ಬರಿ" ಎಂದರು.

ಕಚೇರಿ ಮುಚ್ಚುವ ಮೊದಲೇ ಮರಳಿ ಹೋದೆವು. ನನ್ನ ಹೆಸರಿದ್ದ ಕಡೆಯೆಲ್ಲ ಅವರ ಹೆಸರು ಬರೆದುಕೊಟ್ಟೆ. ಅವರು ಒಂದೊಂದೇ ಅಕ್ಷರವನ್ನು ಕೂಡಿಸಿ ಸಹಿ ಹಾಕುವಾಗ ನನಗೆ ನಾಚಿಕೆಯೂ ಆಯಿತು. ಒಪ್ಪಿಕೊಳ್ಳುತ್ತೇನೆ, ಹಾಯೆನಿಸಿತು ಕೂಡ. ಎರಡೂ ಒಟ್ಟಿಗೇ ಬರುತ್ತವೆಂದು ನನಗೆ ಗೊತ್ತಿರಲಿಲ್ಲ.

ಅನುಮತಿ ಬಂದ ಮೇಲಿನ ಮೊದಲ ತಿಂಗಳಲ್ಲಿ ಗಂಡ, ಮಗಳೊಡನೆ ನಾನೂ ಪ್ರವಾಸಿಯಾಗಿ ಹತ್ತಿದೆ. ನಮ್ಮನ್ನು ಬಿಟ್ಟರೆ ಇದ್ದದ್ದು ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ. ನಾನು ಅರಮನೆಗೆಂದು ಬರೆದಿಟ್ಟ ಚರಿತ್ರೆಯನ್ನು ಔಸೇಪ್ ಚೇಟ್ಟನ್ ಮುಟ್ಟಲೇ ಇಲ್ಲ. ಶುಂಠಿ ಆರಿಸುತ್ತಿದ್ದ ತಮ್ಮ ತಾಯಿ ಗೋದಾಮಿನ ಯಾವ ಕಿಟಕಿಯಿಂದ ಕೂಗಿ ಕರೆಯುತ್ತಿದ್ದರೆಂದು ತೋರಿಸಿದರು. ಇಗರ್ಜಿಯ ವಯಸ್ಸನ್ನು ನೂರು ವರ್ಷ ಹೆಚ್ಚು ಹೇಳಿದರು. ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ಮೇಷ್ಟ್ರು ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಮಗಳು ಮಲಯಾಳದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು.

ಇಳಿಯುವಾಗ ಔಸೇಪ್ ಚೇಟ್ಟನ್ ಕೈ ಚಾಚಿ ನನ್ನನ್ನು ದಡಕ್ಕೆ ಹತ್ತಿಸಿದರು. ಮಿಕ್ಕವರು ಮುಂದೆ ಹೋಗುವವರೆಗೆ ಆ ಕೈ ಬಿಡಲಿಲ್ಲ.

"ಮೋಳೇ," ಎಂದರು ತಗ್ಗಿದ ದನಿಯಲ್ಲಿ, "ಮುಂದಿನ ವಾರ ಯಾರಾದರೂ ಬರುತ್ತಾರಾ?"

ಅಂಥ ದನಿಯನ್ನು ಅವರಿಂದ ನಾನು ಕೇಳಿದ್ದು ಅದೇ ಮೊದಲು. ಬಂದೇ ಬರುತ್ತಾರೆ ಎನ್ನುವುದು ಸುಲಭವಿತ್ತು. ತಲೆಯಾಡಿಸುವುದು ಇನ್ನೂ ಸುಲಭ.

"ಗೊತ್ತಿಲ್ಲ ಚೇಟ್ಟಾ," ಎಂದೆ. "ಮುಂದಿನ ಶನಿವಾರ ನಾನು ತಿರುವನಂತಪುರಕ್ಕೆ ಹೋಗುವುದಿಲ್ಲ. ಆಫೀಸಿನವರನ್ನು ಕೇಳಿ ಕರೆತರುತ್ತೇನೆ. ಯಾರೂ ಬರದಿದ್ದರೆ ನಾನೊಬ್ಬಳೇ ಬರುತ್ತೇನೆ."

ಅವರು ಹೂಂಗುಟ್ಟಿ, ದೋಣಿಯೊಳಗೆ ಸೇರಿದ್ದ ನೀರನ್ನು ಚೆಲ್ಲಲು ಬಾಗಿದರು.